ಗೋಕಾಕ ಎಲ್ಲೈತಿ?

ಊರುಗಳು ರಾತ್ರೋರಾತ್ರಿ ಜಾಗ ಬದಲಿಸಲು ಶುರುಮಾಡಿದಂದಿನಿಂದ ನೀಲಾಂಬಿಕಾ ಟೀಚರ್ ದಿನಾ ಬೆಳಿಗ್ಗೆ ರೇಡಿಯೊ ಕೇಳಿ ಬಂದು, ಕರಿಹಲಗೆಯ ಮೇಲೆ ಹೊಸ ನಕಾಶೆ ಬರೆಯುತ್ತಿದ್ದರು. ಇವತ್ತು ಅವರೂರಿನ ಉತ್ತರಕ್ಕೆ ಕಾರವಾರ ಬಂದು ನಿಂತಿತ್ತು.

ಮೂರನೇ ತರಗತಿಯ ಗಂಗವ್ವ ಎದ್ದು ನಿಂತಳು. "ಅಕ್ಕೋರೆ, ಗೋಕಾಕ ಎಲ್ಲೈತ್ರಿ? ನಮ್ಮವ್ವ ಅಲ್ಲಿ ದವಾಖಾನ್ಯಾಗ ಅದಾಳ."

ರೇಡಿಯೊದವರು ಗೋಕಾಕದ ಹೆಸರೆತ್ತಿ ಬಹಳ ದಿನಗಳಾಗಿದ್ದವು. "ಇನ್ನೂ ಗೊತ್ತಾಗಿಲ್ಲ ತಂಗಿ," ಎಂದರು ಟೀಚರ್.

"ಹಂಗಾದ್ರ ನಮ್ಮೂರ ಬಾಜೂಕ ಬರೀರಿ."

ಆ ಮುಖ ನೋಡಿ ಟೀಚರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಊರಿನ ಪಕ್ಕದಲ್ಲೇ ಒಂದು ಚುಕ್ಕಿಯಿಟ್ಟು ಗೋಕಾಕ ಎಂದು ಬರೆದರು.

ಗಂಗವ್ವ ಚೀಲ ಹೆಗಲಿಗೇರಿಸಿದಳು. "ಇಷ್ಟ ಹತ್ರ ಐತಿ ಅಂದ್ರ ನಡಕೊಂಡ ಹೋಗ್ತೀನ್ರಿ."

ಟೀಚರ್ ಓಡಿಹೋಗಿ ಬಾಗಿಲಲ್ಲಿ ಅವಳ ಕೈ ಹಿಡಿದುಕೊಂಡರು. ಅವರ ಇನ್ನೊಂದು ಕೈಯಲ್ಲಿ ಸೀಮೆಸುಣ್ಣ ಇನ್ನೂ ಇತ್ತು.