ಕಂಟ್ರಾಕ್ಟರ್ ಹೆಸರು

ಮೂರನೇ ಮಹಡಿಯ ಹೊರಗೋಡೆಗೆ ಬಣ್ಣ ಹೊಡೆಯುತ್ತಿದ್ದಾಗ ನಿಂತಿದ್ದ ಬಿದಿರಿನ ಸಾರುವೆ ಮುರಿದು ಬಿದ್ದು ಗಂಡ ಸತ್ತಿದ್ದ. ದೇವೀರಮ್ಮ ಶವಾಗಾರದ ಮುಂದಿನ ಬೆಂಚಿನಲ್ಲಿ ಕುಳಿತಿದ್ದಳು. ಹೆಡ್ ಕಾನ್‌ಸ್ಟೆಬಲ್ ಪಕ್ಕದಲ್ಲಿ ಕುಳಿತು, ದೂರು ಕೊಡುವವರು ಎಂದಿದ್ದ ಕಡೆ ಅವಳ ಹೆಸರನ್ನು ಬರೆದುಕೊಂಡ.

"ಸೊಂಟಕ್ಕೆ ಬೆಲ್ಟಿಲ್ಲ, ಹಗ್ಗ ಇಲ್ಲ. ಇನ್ಶೂರೆನ್ಸ್ ಆದ್ರೂ ಮಾಡ್ಸಿದ್ರಾ?"

"ಇಲ್ಲ ಸಾರ್."

"ಈ ಕಂಟ್ರಾಕ್ಟರ್‌ಗಳೇ ಹಿಂಗೆ. ಅವರು ಆರಾಮಾಗಿ ಮನೇಲಿರ್ತಾರೆ, ಸಾಯೋರು ಸಾಯ್ತಾರೆ. ಈ ಸಲ ಅವನನ್ನ ಒಳಗೆ ಹಾಕದೆ ಬಿಡಲ್ಲ ನಾನು. ಕೆಲಸದ ಹತ್ರ ಬರ್ತಿದ್ನಾ?"

"ಮಧ್ಯಾಹ್ನ ಊಟದ ಹೊತ್ತಿಗೆ ಬರೋದು."

"ಊಟದ ಹೊತ್ತಿಗೆ. ಚೆನ್ನಾಗಿದೆ. ಇವತ್ತು ಇಲ್ಲಿಗೆ ಬಂದಿದಾನಾ?"

"ಹೂಂ."

ಅವನು ತಲೆಯೆತ್ತಿ ಕಾರಿಡಾರಿನ ಉದ್ದಕ್ಕೂ ನೋಡಿದ. ನೆಲ ಒರೆಸುವವಳೊಬ್ಬಳನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

"ಹೆದ್ರಬೇಡಮ್ಮ. ಲೈಸೆನ್ಸ್ ಯಾರ ಹೆಸರಲ್ಲಿದೆ, ಅದಷ್ಟು ಹೇಳು."

ಸೆರಗಿಗೆ ಅಂಟಿದ್ದ ಬಣ್ಣವನ್ನು ಅವಳು ಉಗುರಿನಿಂದ ಕೆರೆಯುತ್ತಿದ್ದಳು.

"ಹೆಂಗಸರ ಹೆಸರಿಗಾದ್ರೆ ಬೇಗ ಸಿಗುತ್ತೆ ಅಂತ ನಮ್ಮೆಜಮಾನ್ರೇ ಮಾಡ್ಸಿದ್ರು ಸಾರ್. ಹೆಸರು ನೀವು ಆಗ್ಲೇ ಬರ್ಕೊಂಡಿದೀರಲ್ಲ."