ಬನ್ನಿ ಹಬ್ಬದ ತಾರೀಖು

“ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡ್ರಿ ಅಕ್ಕಾರ,” ಎಂದ ವಿರೂಪಾಕ್ಷ. ನೇಸರಗಿಯಲ್ಲಿ ಅರ್ಜಿ ತುಂಬಿಕೊಡುವ ಅವನ ಆನ್‌ಲೈನ್ ಅಂಗಡಿಯಲ್ಲಿ ಅಂದು ಬೆಳಿಗ್ಗೆಯಷ್ಟೇ ಪೂಜೆಯಾದ ಹೊಸ ಕಂಪ್ಯೂಟರಿನಲ್ಲಿ ಒಂದು ವೆಬ್‌ಸೈಟೂ ತೆರೆಯುತ್ತಿರಲಿಲ್ಲ. ನರ್ಸಿಂಗ್ ಸೀಟಿನ ಅರ್ಜಿಗೆ ಸಂಜೆ ಐದರವರೆಗೆ ಮಾತ್ರ ಸಮಯ. ಆಗಲೇ ನಾಲ್ಕೂವರೆ. ಅರ್ಜಿ ಹಾಕಲು ಬಂದಿದ್ದ ನಾಗರತ್ನಾ ಅಂಕಪಟ್ಟಿಯನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

ರಿಪೇರಿಗೆ ಬಂದ ರೇಣು ಮೌಸನ್ನೂ ಮುಟ್ಟಲಿಲ್ಲ. “ತಡೀರಿ, ಮೊದಲ ಅದು ಹೆಂಗೈತಿ ನೋಡೂಣು,” ಎಂದು ಕೈಕಟ್ಟಿ ಕುಳಿತು ಪರದೆಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದಳು. ಬಲಮೂಲೆಯ ತಾರೀಖಿನ ಮೇಲೆ ಅವಳ ಕಣ್ಣು ನಿಂತಿತು.

“ಇವತ್ತ ಬನ್ನಿ ಹಬ್ಬ ಏನ್ರಿ?”

ವಿರೂಪಾಕ್ಷ ತಲೆ ಕೆರೆದುಕೊಂಡ. “ಪಕ್ಷಮಾಸ ನಡದೈತಲ್ರಿ. ತೀರಿಹೋದ ಹಿರಿಯರ ದಿನದಾಗ ಹೊಸಾದು ಚಾಲೂ ಮಾಡಬಾರ್ದು ಅಂತ ಅವ್ವ ಹಟಾ ಹಿಡದ್ಲು. ಅದಕ್ಕ ತಾರೀಖ ಮುಂದ ಬರೂ ದಸರಾದ ಬನ್ನಿ ಹಬ್ಬಕ್ಕ ಸರಿಸಿಟ್ಟು ಪೂಜಿ ಮಾಡೇನಿ. ವಾಪಸ್ ತರೂದು ಮರತಬಿಟ್ಟೇನಿ.”

“ದೇವರು ಒಪ್ಪಿರತಾನ್ರಿ. ತಾರೀಖ ತಪ್ಪಿದ್ರ ವೆಬ್‌ಸೈಟ್ ಒಪ್ಪೂದಿಲ್ಲ,” ಎಂದು ರೇಣು ತಾರೀಖನ್ನು ಇಂದಿಗೆ ತಂದಳು. ಪುಟ ತೆರೆಯಿತು.

ಐದಕ್ಕೆ ಎಂಟು ನಿಮಿಷವಿರುವಾಗ ಅರ್ಜಿ ತಲುಪಿದ ರಸೀದಿ ಪ್ರಿಂಟರಿನಿಂದ ಬೆಚ್ಚಗೆ ಹೊರಬಂತು. ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಪಕ್ಷಮಾಸದ ಅದೇ ತಾರೀಖು. ಅದನ್ನು ಕೊಡಲು ವಿರೂಪಾಕ್ಷನ ಕೈ ಒಂದು ಕ್ಷಣ ಹಿಂಜರಿಯಿತು. ನಾಗರತ್ನಾ ತಾನೇ ಎಳೆದುಕೊಂಡು, ತಾರೀಖಿನ ಕಡೆಯನ್ನೇ ಎರಡೂ ಕಣ್ಣಿಗೆ ಒತ್ತಿಕೊಂಡಳು.