ನಾಲ್ಕು ಬೆರಳು ಚಿಕ್ಕ ಚೌಕಟ್ಟು

ಚೌಕಟ್ಟು ನಾಲ್ಕು ಬೆರಳು ಚಿಕ್ಕದಾಗಿತ್ತು. ತಪ್ಪು ಸೊಸೆಯದೇ. "ಅಗಲ ಮೂರು ಗೇಣು, ಸರಿಯಾಗಿ ಕೇಳಿಸ್ಕೋ" ಅಂತ ಅತ್ತೆ ತಮ್ಮ ಕೈ ಬಿಡಿಸಿ ಅಳೆದು ತೋರಿಸಿ ಕಳಿಸಿದ್ದರು. ಇವಳು ಅಂಗಡಿಯಲ್ಲಿ ತನ್ನ ಕೈ ಬಿಡಿಸಿ ಮೂರು ಗೇಣು ಅಳೆದು ತಂದಿದ್ದಳು. ಅತ್ತೆಯ ಅಂಗೈ ಮೊರದಷ್ಟಗಲ. ಇವಳದು ಬೊಂಬೆಯ ಕೈ.

"ಕೈ ನೋಡಿ ಸೊಸೆ ತರಬೇಕಿತ್ತು ಅಮ್ಮ ನೀನು," ಎಂದಳು ನಾದಿನಿ. ಊಟದ ಮೇಜಿನ ಮೇಲೆ ದಪ್ಪ ಟವೆಲು ಹಾಸಿ, ಒಗೆದ ಕಸೂತಿಯನ್ನು ಕವುಚಿ ಹಾಕಿ ಇಸ್ತ್ರಿ ಮಾಡಿ, ಈಗಷ್ಟೇ ತಿರುಗಿಸಿದ್ದಳು. "ಹೋಗಿ ಬದಲಾಯಿಸ್ಕೊಂಡು ಬನ್ನಿ ಅತ್ತಿಗೆ."

"ಮಾರಿದ್ದು ವಾಪಸ್ ತಗೊಳ್ಳಲ್ಲ ಅಂತ ಆ ಪುಣ್ಯಾತ್ಮ ಬೋರ್ಡೇ ಹಾಕಿದಾನೆ."

ಬಟ್ಟೆಯ ಮೇಲೆ ಮನೆಮಂದಿಯೆಲ್ಲ ಸೇರಿದ್ದರು. ಅತ್ತೆ ವರ್ಷಗಟ್ಟಲೆ ಕಣ್ಣು ಸವೆಸಿ ಹಾಕಿದ ಕಸೂತಿ ಅದು. ಬಾಗಿಲ ಮುಂದೆ ಒಂದು ಬೆಂಚು. ಎಡತುದಿಯಲ್ಲಿ ತೀರಿಹೋದ ಮಾವ, ಒಂದು ಕೈಯನ್ನು ಸುಮ್ಮನೆ ಪಕ್ಕಕ್ಕೆ ಚಾಚಿಕೊಂಡು. ಆಮೇಲೆ ಅತ್ತೆ, ಮಗ, ತೊಡೆಯ ಮೇಲೆ ಬೆಕ್ಕನ್ನು ಕೂರಿಸಿಕೊಂಡ ಮಗಳು. ಬಲತುದಿಯಲ್ಲಿ, ಬೆಂಚಿನ ಮೇಲೆ ಜಾಗ ಸಾಲದೆ ನಿಂತವಳು ಸೊಸೆ. ಮನೆಗೆ ಕೊನೆಗೆ ಬಂದವಳು, ದಾರಕ್ಕೂ ಕೊನೆಗೇ ಸಿಕ್ಕಿದ್ದಳು.

"ಒಂದು ಕಡೆ ಮಡಚಿಬಿಡೋಣ," ಎಂದರು ಅತ್ತೆ. "ಹಿಂದೆ ಹೋಗಿದ್ದು ಯಾರಿಗೆ ಕಾಣುತ್ತೆ?"

"ಯಾವ ಕಡೆ? ಈ ಕಡೆ ಅಪ್ಪ ಇದಾರೆ," ಎಂದಳು ನಾದಿನಿ. "ಒಂದ್ಸಲ ಹೋದೋರನ್ನ ಇನ್ನೊಂದ್ಸಲ ಕಳಿಸ್ಬೇಕಾ?"

ಸೊಸೆ ನಕ್ಕಳು. "ನನ್ನನ್ನೇ ಮಡಚಿ. ಅಳತೆ ತಪ್ಪಿದೋಳಿಗೆ ಅದೇ ಶಿಕ್ಷೆ."

"ನೀನಾಗೇ ಹೇಳ್ತಿದೀಯ. ಅತ್ತೆ ನನ್ನ ಹಿಂದಕ್ಕೆ ತಳ್ಳಿದ್ರು ಅಂತ ನಾಳೆ ಊರೆಲ್ಲ ಹೇಳ್ಕೊಂಡು ತಿರುಗ್ಬೇಡ."

"ಯಾರಿಗೂ ಹೇಳಲ್ಲ ಅತ್ತೆ."

ಬಟ್ಟೆ ರಟ್ಟಿನ ಮೇಲೆ ಕೂತಿತು. ಅಂಚುಗಳನ್ನು ಹಿಂದಕ್ಕೆಳೆದು, ಷೂ ಲೇಸು ಬಿಗಿಯುವ ಹಾಗೆ ಗಟ್ಟಿ ದಾರವನ್ನು ಈ ಅಂಚಿನಿಂದ ಆ ಅಂಚಿಗೆ ಹಾಯಿಸುತ್ತ ಬಿಗಿಯುವ ಕೆಲಸ ಸೊಸೆಯದು. ನೀಲಿ ಉಡುಪಿನ ತನ್ನನ್ನು ತಾನೇ ಹಿಂದಕ್ಕೆ ಮಡಚಿ ಬಿಗಿದಳು. ಮಾವನ ಕಡೆಯ ಅಂಚಿನಲ್ಲಿ ಮಾತ್ರ ಒಂದು ಕಡೆ ಸೂಜಿ ಒಳಗಿಳಿಯಲಿಲ್ಲ. ಅಲ್ಲಿ ಬಟ್ಟೆ ಎರಡು ಪದರ; ಹಿಂದೆ ಯಾವಾಗಲೋ ಮಡಚಿ ಹೊಲಿದಿತ್ತು. ಒಗೆದಾಗ ಹೊಲಿಗೆ ಸಡಿಲಗೊಂಡಿತ್ತೋ ಏನೋ, ಉಗುರಿನಿಂದ ಎತ್ತಿದೊಡನೆ ಬಿಟ್ಟುಕೊಂಡಿತು. ಒಳಗೆ ಹಳದಿ ಫ್ರಾಕಿನ ಪುಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ಮಾವ ಸುಮ್ಮನೆ ಚಾಚಿದ್ದ ಕೈ ಸುಮ್ಮನೆ ಚಾಚಿದ್ದಲ್ಲ. ಅದರ ಕಿರುಬೆರಳು ಆ ಮಗುವಿನ ಮುಷ್ಟಿಯೊಳಗಿತ್ತು.

"ಇದ್ಯಾರು ಅತ್ತೆ?"

ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಹಾಕಿದ್ದು ನಾನೇ, ನನ್ನ ಗಂಟು ನನಗೆ ಗೊತ್ತಾಗಲ್ವಾ? ಆದರೆ ಯಾರೋ ಏನೋ, ಕಾಣೆ."

"ನಮ್ಮನೇಲಿ ಹಳದಿ ಫ್ರಾಕಿನೋರು ಯಾರೂ ಇರಲಿಲ್ಲಪ್ಪ," ಎಂದು ನಾದಿನಿ ಗಾಜು ಒರೆಸತೊಡಗಿದಳು.

ಸೊಸೆ ಸೂಜಿ ಕೆಳಗಿಟ್ಟಳು. "ಬಿಚ್ಚೋಣ ಅತ್ತೆ. ನಾಳೆ ದೊಡ್ಡ ಚೌಕಟ್ಟು ತರ್ತೀನಿ, ನನ್ನ ದುಡ್ಡಲ್ಲೇ."

"ಎಲ್ಲಾ ಕಟ್ಟಾದ್ಮೇಲೆ ಏನು ಬಿಚ್ಚೋದು? ಕೊಡು ಇಲ್ಲಿ." ಅತ್ತೆ ದಾರ ಜಗ್ಗಿ ಕೊನೆಯ ಗಂಟನ್ನು ತಾವೇ ಹಾಕಿದರು. ದಾರ ಕತ್ತರಿಸಿ, ಎಂದಿನಂತೆ ಕತ್ತರಿಯನ್ನು ಅಡುಗೆಮನೆಯ ಡ್ರಾದಲ್ಲಿಟ್ಟು ಬಂದರು.

ಸಂಜೆ ಮಗ ಕೆಲಸದಿಂದ ಬಂದವನು ಚೀಲ ಇಳಿಸುವ ಮೊದಲೇ ಗೋಡೆ ನೋಡಿದ. "ಪರವಾಗಿಲ್ವೇ! ಒಬ್ಬರೂ ಬಿಟ್ಟಿಲ್ಲ, ಎಲ್ಲರೂ ಇದೀವಿ."

"ನಾನಿಲ್ಲ, ನೋಡಿ," ಎಂದಳು ಸೊಸೆ, ಆದಷ್ಟು ತಮಾಷೆಯ ದನಿಯಲ್ಲಿ.

ಯಾರೂ ಇತ್ತ ತಿರುಗಲಿಲ್ಲ. ನಾದಿನಿ ಮೇಜಿನ ಮೇಲೆ ಮೂರು ತಟ್ಟೆ ಇಟ್ಟು ನೀರು ಬಗ್ಗಿಸಿದಳು. "ರೀ, ಇಲ್ಲಿ ನೋಡ್ರೀ," ಎಂದು ಸೊಸೆ ಗಂಡನ ಭುಜ ಮುಟ್ಟಿದಳು. ಅವನು ನೊಣ ಓಡಿಸುವವನಂತೆ ಕೈಯಾಡಿಸಿ ತಟ್ಟೆ ಹತ್ತಿರಕ್ಕೆ ಎಳೆದುಕೊಂಡ.

"ಗೋಡೆಗೆ ಚಿತ್ರ ಬಂತು," ಎಂದರು ಅತ್ತೆ ಮಗನಿಗೆ ಬಡಿಸುತ್ತ. "ಇನ್ನಾದ್ರೂ ನಿನಗೊಂದು ಹೆಣ್ಣು ನೋಡೋಣ್ವಾ? ಈ ಮನೆಗೂ ಸೊಸೆ ಅಂತ ಒಬ್ಬಳು ಬೇಡ್ವೇನೋ?"

"ಕೈ ದೊಡ್ಡದಿರೋಳನ್ನ ನೋಡು ಅಮ್ಮ," ಎಂದಳು ನಾದಿನಿ. ಮೂವರೂ ನಕ್ಕರು.

ಆ ಕೊನೆಯ ಗಂಟು ಬಿದ್ದಾಗಿನಿಂದ ನಾದಿನಿಯ ಬಾಯಲ್ಲಿ ಒಮ್ಮೆಯೂ ಅತ್ತಿಗೆ ಅನ್ನುವ ಮಾತು ಬಂದಿಲ್ಲವೆಂದು ಸೊಸೆಗೆ ಆಗ ಹೊಳೆಯಿತು. ದಾರ ಕತ್ತರಿಸಿದರೆ ಆಯಿತು, ಒಂದೇ ದಾರ. ಅಡುಗೆಮನೆಗೆ ಓಡಿ ಡ್ರಾ ಎಳೆದಳು. ಚಮಚ, ಬೆಂಕಿಪೊಟ್ಟಣ, ದಾರದ ಉಂಡೆ. ಕತ್ತರಿ ಇರಲಿಲ್ಲ. ಕೆಳಗಿನ ಡ್ರಾ ಎಳೆದಳು. ಡಬ್ಬಗಳ ಹಿಂದೆಲ್ಲ ಕೈಹಾಕಿ ತಡಕಾಡಿದಳು.

ತಣ್ಣನೆಯ ಪುಟ್ಟ ಮುಷ್ಟಿಯೊಂದು ಅವಳ ಕಿರುಬೆರಳನ್ನು ಹಿಡಿದುಕೊಂಡಿತು.

"ಕತ್ತರಿ ತಾನೆ?" ಹಳದಿ ಫ್ರಾಕಿನ ಹುಡುಗಿ ಕತ್ತೆತ್ತಿ ಕೇಳಿದಳು. "ನಾನೂ ತುಂಬಾ ಹುಡುಕಿದೆ. ಅದು ನಮ್ಮ ಕೈಗೆ ಸಿಗಲ್ಲ, ಅತ್ತಿಗೆ."